ಸಾರಥಿ ಎಷ್ಟು ಎತ್ತರ ಕೂರಬೇಕು?

ಇಂದಿನ ಮಲೇಷ್ಯಾದಲ್ಲಿರುವ ಮೆಲಾಕಾದ ಸುಲ್ತಾನರ ಆಸ್ಥಾನದ ರೀತಿರಿವಾಜುಗಳನ್ನು ಹೇಳುವ ‘ಸೆಜಾರಾ ಮೆಲಾಯು’ ಗ್ರಂಥದಲ್ಲಿ, ಅರಸ ಆನೆಯೇರಿ ಹೊರಟಾಗ ಯಾರು ಎಲ್ಲಿ ಕೂರಬೇಕೆಂಬ ಕಟ್ಟಳೆ ಬರುತ್ತದೆ. ಆನೆಯ ತಲೆಯ ಕಡೆ ತೆಮೆಂಗೊಂಗ್, ಅಂದರೆ ಊರಿನ ಕಾವಲು ನೋಡುವ ಅಧಿಕಾರಿ. ಹಿಂಬದಿಯಲ್ಲಿ ರಾಜಖಡ್ಗ ಹೊತ್ತ ಲಕ್ಸಮಾನ. ಈ ಎರಡನೆಯವನು ನೌಕಾಪಡೆಯ ಮುಖ್ಯಸ್ಥ, ಪದವಿಯ ಹೆಸರು ಮಾತ್ರ ನಮ್ಮ ರಾಮಾಯಣದ ಲಕ್ಷ್ಮಣನಿಂದ ಹೋದದ್ದು. ಮೈಸೂರಿನ ಜಂಬೂ ಸವಾರಿಯಲ್ಲಿ ಆನೆಯ ಕತ್ತಿನ ಮೇಲಿರುವ ಮಾವುತನತ್ತ ಯಾರೂ ಕಣ್ಣು ಹಾಯಿಸುವುದಿಲ್ಲ. ಮೆಲಾಕಾದಲ್ಲಿ ಆ ಜಾಗವೇ ಮಂತ್ರಿಯ ಮರ್ಯಾದೆಯ ಪೀಠವಾಗಿತ್ತು. ಎರಡು ಕಡೆಯೂ ಎತ್ತರವನ್ನು ಗೊತ್ತುಮಾಡಿದ್ದು ಅಂತಸ್ತು. ಅಲ್ಲಿ ಕೂತವನಿಗೆ ದಾರಿ ಸರಿಯಾಗಿ ಕಾಣುತ್ತದೆಯೇ ಎಂದು ಕೇಳಿದವರಿಲ್ಲ. ಇಂದು ಕಾರಿನ ಚಾಲಕನ ಆಸನದ ಪಕ್ಕದಲ್ಲಿ ಒಂದು ಲಿವರ್ ಇರುತ್ತದೆ, ಎರಡು ಮೂರು ಸಲ ಮೇಲಕ್ಕೆಳೆದರೆ ಆಸನ ಏರುತ್ತದೆ. ಅದನ್ನು ಸುಖಸಾಧನಗಳ ಪಟ್ಟಿಯಲ್ಲಿ ಸೇರಿಸಿ ಮಾರುತ್ತಾರೆ. ನನಗೆ ಕಾಣುವಂತೆ ಅದರ ಮೂಲ ಬೇರೆಡೆಯಿದೆ. ಗಾಡಿ ಮಾಡುವವನಿಗೆ ಗಾಡಿ ಹೊಡೆಯುವವನು ಯಾರೆಂದು ತಿಳಿಯದೇ ಹೋದ ಕಾಲದಲ್ಲಿ ಅದು ಹುಟ್ಟಿತು. ಹಾಗಾದದ್ದು ಹೇಗೆಂಬುದಕ್ಕೆ ಮೆಲಾಕಾ ಒಳ್ಳೆಯ ಸಾಕ್ಷಿ.

ಮೊದಲು ಎತ್ತಿನ ಗಾಡಿ. ಮೆಲಾಕಾದ ‘ಕೆರೇತಾ ಲೆಂಬು’ವಿನ ಚಾವಣಿಯ ಎರಡೂ ತುದಿಗಳು ಕೋಣದ ಕೊಂಬಿನಂತೆ ಮೇಲಕ್ಕೆ ಬಾಗಿರುತ್ತವೆ, ಸುಮಾತ್ರದಿಂದ ಬಂದ ಮಿನಂಗ್‌ಕಬಾವು ಜನರ ಮನೆಗಳ ಸೂರು ಹೀಗೆಯೇ. ಚಾವಣಿಯ ಅಲಂಕಾರವೆಲ್ಲ ಒಳಗೆ ಕೂತ ಪ್ರಯಾಣಿಕನಿಗೆ. ಹೊಡೆಯುವವನಿಗೆ ಮುಂದೆ ಸಿಕ್ಕಷ್ಟು ಜಾಗ. ಎರಡು ಗಾಲಿಯ ಯಾವ ಗಾಡಿಯಲ್ಲೂ ಹೊಡೆಯುವವನು ಅಲುಗಾಡದೆ ಕೂರುವಂತಿಲ್ಲ ಎಂಬುದು ನಮ್ಮ ಕಡೆಯ ರೈತರಿಗೂ ಗೊತ್ತು. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಕಣ್ಣಿ ಬಿಗಿಯುತ್ತದೆ. ಆದ್ದರಿಂದ ಏರು ಬಂದಾಗ ಮುಂದಕ್ಕೆ, ಇಳಿಜಾರು ಬಂದಾಗ ಹಿಂದಕ್ಕೆ ಸರಿಯಬೇಕು. ಬೆಂಗಳೂರು, ಮೈಸೂರುಗಳ ಜಟಕಾದವರು ‘ಮುಂದಕ್ಕೆ ಬನ್ನಿ ಸ್ವಾಮಿ’ ಎಂದು ಸವಾರಿಯವರನ್ನೂ ಸರಿಸುತ್ತಿದ್ದುದು ಇದೇ ಕಾರಣಕ್ಕೆ. ಕೂರುವ ಜಾಗವನ್ನು ಹೊಂದಿಸಿಕೊಳ್ಳುವ ಅಭ್ಯಾಸ ಹಳೆಯದೇ, ಆದರೆ ಆ ಹೊಂದಾಣಿಕೆಯ ಫಲ ಪ್ರಾಣಿಯ ಹೆಗಲಿಗೆ ಸಲ್ಲುತ್ತಿತ್ತು. ಗಾಡಿಯವನ ಮೈ ಅಲ್ಲಿ ತಕ್ಕಡಿಯ ಬಟ್ಟು. ಅವನ ಕಣ್ಣಿನ ಮಟ್ಟ ಯಾರ ಚಿಂತೆಯೂ ಆಗಿರಲಿಲ್ಲ; ಎತ್ತಿಗೆ ದಾರಿ ಗೊತ್ತಿದ್ದುದರಿಂದ ಆಗಬೇಕಾಗಿಯೂ ಇರಲಿಲ್ಲ ಎನ್ನಿ.

ಎಂಜಿನ್ನಿಗೆ ದಾರಿ ಗೊತ್ತಿರಲಿಲ್ಲ. ಆದರೂ ಹಳೆಯ ಅಭ್ಯಾಸ ಉಳಿಯಿತು ಎಂಬುದಕ್ಕೆ ಒಂದು ಪದವೇ ಪುರಾವೆ: ಬ್ರಿಟಿಷ್ ಮಲಯಾದಲ್ಲಿ ಕಾರು ಬಂದ ಮೇಲೂ ಅದರ ಚಾಲಕನನ್ನು ‘ಸೈಸ್’ ಎಂದೇ ಕರೆದರು. ಕುದುರೆಗೆ ಮೇವು ಹಾಕಿ ಮೈ ಉಜ್ಜುವ ನಮ್ಮ ಸೈಸನೇ ಅವನು. ಅರಬ್ಬಿಯಿಂದ ಹಿಂದೂಸ್ತಾನಿಗೆ ಬಂದ ಪದ ದೊರೆಗಳ ಜೊತೆ ಹಡಗು ಹತ್ತಿ, ಲಾಯದಿಂದ ಕಾರ್‌ಶೆಡ್ಡಿಗೆ ನಡೆದುಹೋಯಿತು. ಮೆಲಾಕಾದ ಬುಕಿತ್ ಲಿಂತಾಂಗ್‌ನಲ್ಲಿ 1896ರಲ್ಲಿ ಟಾನ್ ಚೇ ಯಾನ್ ರಬ್ಬರ್ ತೋಟ ಹಾಕಿದ. ಜಗತ್ತಿನ ಕಾರುಗಳ ಟೈರಿಗೆ ಮಲಯಾದ ರಬ್ಬರ್ ಹೋಯಿತು, ಆ ರಬ್ಬರಿನ ಹಣದಿಂದ ತೋಟಗಾರರ ಮನೆಗೆ ಕಾರು ಬಂತು. ಮಾಲೀಕ ಹಿಂದೆ, ಸೈಸ್ ಮುಂದೆ. ಮುಂದಿನ ಬೆಂಚು ಚೌಕಟ್ಟಿಗೆ ಬಿಗಿದದ್ದು. ಅದಕ್ಕೆ ಹೊಂದದ ಆಳನ್ನು ಬಿಟ್ಟು ಹೊಂದುವ ಆಳನ್ನು ಇಟ್ಟುಕೊಂಡರೆ ಆಯಿತು, ಆಸನವನ್ನೇಕೆ ಎತ್ತಬೇಕು? ಇದೇ ಊರಿನ ಬೀದಿಗಳಲ್ಲಿ 1940ರ ದಶಕದಿಂದ ಓಡಾಡಿದ ‘ಬೇಚಾ’, ಅಂದರೆ ಮೂರು ಗಾಲಿಯ ಸೈಕಲ್ ರಿಕ್ಷಾ, ಈ ವಿಷಯದಲ್ಲಿ ಕಾರಿಗಿಂತ ಮುಂದಿತ್ತು. ಮೆಲಾಕಾದ ಬೇಚಾದಲ್ಲಿ ಸವಾರಿಯವರು ತುಳಿಯುವವನ ಪಕ್ಕದಲ್ಲಿ ಕೂರುತ್ತಾರೆ, ಪೆನಾಂಗಿನಲ್ಲಿ ಮುಂದೆ. ತುಳಿಯುವವನದು ಸೈಕಲ್ಲಿನ ಸೀಟು: ಒಂದು ಬೋಲ್ಟ್ ಸಡಿಲಿಸಿದರೆ ಮೇಲೆ ಕೆಳಗೆ ಆಗುತ್ತದೆ. ದಿನಬಾಡಿಗೆಯ ಗಾಡಿಯನ್ನು ಇವತ್ತು ಯಾರು ತುಳಿಯುತ್ತಾರೋ ತಿಳಿಯದು, ಕಾಲು ಎಟುಕದಿದ್ದರೆ ಗಾಡಿಯೇ ಹೊರಡದು. ಊರಿನ ಬಡ ದುಡಿಮೆಗಾರನಿಗೆ ದಕ್ಕಿದ್ದ ಈ ಸೌಕರ್ಯ ಸಿರಿವಂತನ ಕಾರಿಗೆ ಬರಲು ದಶಕಗಳು ಹಿಡಿದವು.

ತಡವಾಗಲು ಇನ್ನೊಂದು ಕಾರಣ ‘ಸರಾಸರಿ ಮನುಷ್ಯ’ ಎಂಬ ನಂಬಿಕೆ. 1950ರಲ್ಲಿ ಅಮೆರಿಕದ ವಾಯುಪಡೆ ನಾಲ್ಕು ಸಾವಿರಕ್ಕೂ ಹೆಚ್ಚು ಪೈಲಟ್‌ಗಳ ಮೈ ಅಳತೆ ತೆಗೆಸಿತು. ಹತ್ತು ಅಳತೆಗಳಲ್ಲೂ ಸರಾಸರಿಗೆ ಹತ್ತಿರವಿದ್ದವರು ಎಷ್ಟು ಮಂದಿ ಎಂದು ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಅಧಿಕಾರಿ ಎಣಿಸಿ ನೋಡಿದರೆ, ಒಬ್ಬನೂ ಇರಲಿಲ್ಲ. ವಿಮಾನದ ಆಸನ, ಪೆಡಲ್‌ಗಳನ್ನು ಹೊಂದಿಸುವಂತೆ ಮಾಡಬೇಕೆಂಬ ಪಟ್ಟಿಗೆ ಬಲ ಬಂದದ್ದು ಅಲ್ಲಿಂದ. ಕಾರಿನವರು ಇಷ್ಟು ಬೇಗ ಕಲಿಯಲಿಲ್ಲ. ಮಲಯಾದಲ್ಲಿ ಓಡಿದ ಮಾರಿಸ್ ಮೈನರ್ ಆಗಲಿ, ನಮ್ಮಲ್ಲಿ ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ ಅಂಬಾಸಿಡರ್ ಆಗಲಿ, ಚಾಲಕನಿಗೆ ಕೊಟ್ಟದ್ದು ಹಿಂದೆ ಮುಂದೆ ಸರಿಯುವ ಅನುಕೂಲವನ್ನಷ್ಟೆ. ಬಹುಕಾಲ ಅಪಘಾತ ಪರೀಕ್ಷೆಯ ಮುಖ್ಯ ಬೊಂಬೆಯೂ ಸುಮಾರು 175 ಸೆಂ.ಮೀ. ಎತ್ತರದ, 78 ಕಿಲೋ ತೂಕದ ಗಂಡಸು. ಕಾರುಗಳ ಸುರಕ್ಷತೆಯನ್ನು ಅಳೆಯುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ ರೂಢಿಸಿದ ಗಂಟೆಗೆ 64 ಕಿ.ಮೀ. ವೇಗದ ಪರೀಕ್ಷೆಯಲ್ಲಿ ಆ ಬೊಂಬೆಯ ಆಸನವನ್ನು ಅತಿ ತಗ್ಗಿನ ಮಟ್ಟದಲ್ಲಿ ಇಡುತ್ತಿದ್ದರು. ಆಗ್ನೇಯ ಏಷ್ಯಾದ ಕಾರುಗಳನ್ನು ಗೋಡೆಗೆ ಗುದ್ದಿಸಿ ನೋಡುವ ಮಲೇಷ್ಯಾದ ಪಿಸಿ3 ಪ್ರಯೋಗಾಲಯ ಇರುವುದು ಮೆಲಾಕಾದಲ್ಲಿ. ಹೋಂಡಾದ ಕಾರು ಕಾರ್ಖಾನೆ 2003ರಲ್ಲಿ ಶುರುವಾದದ್ದೂ ಇದೇ ರಾಜ್ಯದ ಪೆಗೋ ಎಂಬಲ್ಲಿ. ಆನೆಯ ಮೇಲೆ ಯಾರು ಎಲ್ಲಿ ಕೂರಬೇಕೆಂದು ಬರೆದಿಟ್ಟ ಊರಿನಲ್ಲಿ ಈಗ ಬೊಂಬೆ ಯಾವ ಮಟ್ಟದಲ್ಲಿ ಕೂರಬೇಕೆಂಬ ನಿಯಮ ಪಾಲನೆಯಾಗುತ್ತಿದೆ.

ಅಷ್ಟರಲ್ಲಿ ಚಾಲಕ ಬದಲಾಗಿದ್ದ. 1985ರ ಪ್ರೋಟಾನ್ ಸಾಗಾ, 1994ರ ಪೆರೊಡುವಾ ಕಂಚಿಲ್ ಕಾರನ್ನು ಸಾಮಾನ್ಯ ಮನೆಗಳ ಅಂಗಳಕ್ಕೆ ತಂದವು. ಸೈಸ್ ಹೋದ, ಮನೆಯ ಒಂದೇ ಕಾರನ್ನು ಬೆಳಗ್ಗೆ ಗಂಡ, ಮಧ್ಯಾಹ್ನ ಹೆಂಡತಿ, ಸಂಜೆ ಮಗಳು ಓಡಿಸುವಂತಾಯಿತು. ಯಾರ ಮೈಗೆ ಆಸನ ಹೊಲಿಯುವುದು? ‘ಕೂತರೆ ಒಂದೇ ತಗ್ಗು, ನಿಂತರೆ ಒಂದೇ ಎತ್ತರ’ ಎಂದು ಮಲಯ್ ಗಾದೆ ಸಮಾನತೆಯನ್ನು ಹೊಗಳುತ್ತದೆ. ಕಾರಿನಲ್ಲಿ ಗಾದೆ ತಿರುಗುಮುರುಗಾಗುತ್ತದೆ: ಎಲ್ಲರೂ ಒಂದೇ ತಗ್ಗಿನಲ್ಲಿ ಕೂತರೆ ಒಬ್ಬರಿಗೆ ರಸ್ತೆ ಕಾಣುತ್ತದೆ, ಇನ್ನೊಬ್ಬರಿಗೆ ಸ್ಟೀರಿಂಗ್ ಕಾಣುತ್ತದೆ. ಲೆಕ್ಕ ಸರಳ. ಕಣ್ಣು ನೆಲದಿಂದ 120 ಸೆಂ.ಮೀ. ಮೇಲಿದ್ದು, ಕಣ್ಣಿನಿಂದ 2 ಮೀಟರ್ ಮುಂದೆ ಬಾನೆಟ್ಟಿನ ಅಂಚು 90 ಸೆಂ.ಮೀ. ಎತ್ತರದಲ್ಲಿದ್ದರೆ, ನೆಲ ಕಾಣತೊಡಗುವುದು 8 ಮೀಟರ್ ಆಚೆಗೆ. ಕಣ್ಣು 6 ಸೆಂ.ಮೀ. ಏರಿದರೆ ಅದು 7 ಮೀಟರ್, 5 ಸೆಂ.ಮೀ. ಇಳಿದರೆ 9 ಮೀಟರಿಗೂ ಮೇಲೆ. ಡಚ್ಚರ ಕಾಲದ ಜೋಂಕರ್ ಬೀದಿಯ ಇಕ್ಕಟ್ಟಿನಲ್ಲಿ ಈ ಎರಡು ಮೀಟರಿನೊಳಗೆ ಒಂದು ಮಗು, ಒಂದು ಬೆಕ್ಕು, ಒಂದು ತಳ್ಳುಗಾಡಿ ಎಲ್ಲವೂ ಅಡಗಬಲ್ಲವು.

ಇಷ್ಟಕ್ಕೆ ಲಿವರ್ ಯಾಕೆ, ಒಂದು ದಿಂಬು ಸಾಲದೇ ಎಂಬ ಪ್ರಶ್ನೆ ಸಹಜ. ಬಡವರ ಉಪಾಯವನ್ನು ಹಳಿಯಬಾರದು ಕೂಡ. ಎತ್ತಿನ ಗಾಡಿಗೆ ಹುಲ್ಲಿನ ಮೆತ್ತೆ, ಅಂಬಾಸಿಡರಿಗೆ ಮಡಿಸಿದ ಟವೆಲು ಸಾಕಾಗಿದ್ದವು. ಸಾಕಾಗದಂತೆ ಮಾಡಿದ್ದು ಸೀಟ್ ಬೆಲ್ಟು. ಮಲೇಷ್ಯಾದಲ್ಲಿ ಮುಂದಿನ ಆಸನದವರಿಗೆ ಅದು 1979ರಲ್ಲಿ ಕಡ್ಡಾಯವಾಯಿತು. ಬೆಲ್ಟಿನ ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಮೆತ್ತನೆಯ ದಿಂಬು ಢಿಕ್ಕಿಯಲ್ಲಿ ಕುಸಿದು ಜಾರಿದರೆ ಮೈ ಪಟ್ಟಿಯ ಅಡಿಗೆ ನುಸುಳಿ ಪಟ್ಟಿ ಹೊಟ್ಟೆಗೆ ಏರುತ್ತದೆ. ಲಿವರ್ ಎತ್ತುವುದು ಆಸನದ ಕಬ್ಬಿಣದ ಚೌಕಟ್ಟನ್ನೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಗಿಡ್ಡನೆಯವರು ಮೇಲೇರಿದರೆ ಕಾಲು ಪೆಡಲಿನಿಂದ ದೂರವಾಗುತ್ತದೆ, ಹತ್ತಿರ ಸರಿದರೆ ಎದೆ ಏರ್‌ಬ್ಯಾಗಿಗೆ ಒತ್ತುತ್ತದೆ. ಇದು ನಿಜ. ಎದೆಯ ಮೂಳೆಗೂ ಸ್ಟೀರಿಂಗಿನ ನಡುವಿಗೂ ಕನಿಷ್ಠ 25 ಸೆಂ.ಮೀ. ಇರಲಿ ಎಂದು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಹೇಳುವುದು ಇದಕ್ಕೇ. ಹಾಗಾಗಿ ಎತ್ತರವೊಂದನ್ನೇ ಹೊಂದಿಸಿ ಸುಮ್ಮನಾಗುವಂತಿಲ್ಲ. ಎತ್ತರವಾದ ಮೇಲೆ ಪೆಡಲು, ಬೆನ್ನೊರಗು, ಸ್ಟೀರಿಂಗು, ಕನ್ನಡಿಗಳನ್ನು ಮತ್ತೆ ನೋಡಬೇಕು. ಎತ್ತರ ಕೂತವರು ವೇಗವಾಗಿ ಓಡಿಸುತ್ತಾರೆ, ಮೇಲಿನಿಂದ ನೆಲ ನಿಧಾನವಾಗಿ ಹರಿದಂತೆ ಕಾಣುತ್ತದೆ ಎಂಬ ಮಾತೂ ಇದೆ. ಅದು ನೆಲವೇ ಎತ್ತರವಿರುವ ಜೀಪಿನಂಥ ವಾಹನಗಳಿಗೆ ಸಲ್ಲುವ ಮಾತು. ಇಲ್ಲಿ ಗಿಡ್ಡನೆಯವಳು ಏರುವುದು ಉದ್ದನೆಯವನ ಕಣ್ಣು ಆಗಲೇ ಇರುವ ಮಟ್ಟಕ್ಕೆ.

ಮಲೇಷ್ಯಾದ ಡ್ರೈವಿಂಗ್ ಶಾಲೆಗಳಲ್ಲಿ ಎಂಜಿನ್ ಚಾಲೂ ಮಾಡುವ ಮುಂಚೆ ‘ರುತಿನ್ ಸೆಬೆಲುಮ್ ಮೆಮಾಂದು’ ಎಂಬ ಕ್ರಮವನ್ನು ಕಲಿಸುತ್ತಾರೆ; ಓಡಿಸುವುದಕ್ಕೆ ಮೊದಲಿನ ಕೆಲಸಗಳು ಎಂದು ಅರ್ಥ. ಆಸನ, ಕನ್ನಡಿ, ಬೆಲ್ಟು ಅದರಲ್ಲಿ ಬರುತ್ತವೆ, ಪರೀಕ್ಷೆಯ ದಿನ ಇದಕ್ಕೂ ಅಂಕವಿದೆ. ಶಾಲೆಯ ಕಾರು ಯಾರ ಮೈಗೂ ಸೇರಿದ್ದಲ್ಲ, ಗಂಟೆಗೊಬ್ಬರು ಹತ್ತಿ ಇಳಿಯುತ್ತಾರೆ. ಹೊಸಬರು ಬಾಗಿಲು ತೆರೆದು ಕೂತಾಗ ಹಿಂದಿನವರ ಎತ್ತರ ಇನ್ನೂ ಅಲ್ಲೇ ಇರುತ್ತದೆ. ಎಡಗೈ ಸ್ಟೀರಿಂಗಿನ ಮೇಲೆ, ಬಲಗೈ ಆಸನದ ಬುಡದಲ್ಲಿ ಲಿವರನ್ನು ತಡಕುತ್ತದೆ.