ಜಲಗಾಲನ ಮತ್ತು ನಾರುಹುಣ್ಣು

ಜೈನ ಗೃಹಸ್ಥನ ಆಚಾರಗಳಲ್ಲಿ ಜಲಗಾಲನಕ್ಕೆ, ಎಂದರೆ ನೀರನ್ನು ಸೋಸಿ ಬಳಸುವುದಕ್ಕೆ, ವಿಶಿಷ್ಟ ಸ್ಥಾನವಿದೆ. 13ನೆಯ ಶತಮಾನದ ಪಂಡಿತ ಆಶಾಧರನು ತನ್ನ ‘ಸಾಗಾರಧರ್ಮಾಮೃತ’ದಲ್ಲಿ, ಇದನ್ನು ಶ್ರಾವಕನ ಎಂಟು ಮೂಲಗುಣಗಳಲ್ಲೊಂದಾಗಿ ಎಣಿಸುವ ಪಕ್ಷವನ್ನೂ ಉಲ್ಲೇಖಿಸಿದ್ದಾನೆ. ಸಂಪ್ರದಾಯದ ವಿಧಿ ಸ್ಪಷ್ಟವಾಗಿದೆ: ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರನ್ನು ಸೋಸಬೇಕು; ಎರಡು ಘಳಿಗೆ ಕಳೆದರೆ ಮತ್ತೆ ಸೋಸಬೇಕು; ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ತಂದ ಜಲಾಶಯಕ್ಕೇ ನೋವಾಗದಂತೆ ಮರಳಿಸಬೇಕು. ಈ ಕೊನೆಯ ವಿಧಿಯಲ್ಲಿಯೇ ಆಚಾರದ ತಾತ್ಪರ್ಯವಿದೆ. ಕುಡಿಯುವವನ ಆರೋಗ್ಯಕ್ಕಿಂತ ಮೊದಲು ಅದು ತ್ರಸಜೀವಿಯ ಪ್ರಾಣವನ್ನು ನೆನೆಯುತ್ತದೆ.

20ನೆಯ ಶತಮಾನದ ಉತ್ತರಾರ್ಧದಲ್ಲಿ ಸೋಸುವ ಬಟ್ಟೆಗೆ ಮತ್ತೊಂದು ಮಹತ್ವ ಬಂದಿತು. ನಾರುಹುಣ್ಣಿನ ಹುಳುವಿನ ಮರಿಗಳು ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜಲಚರದ ಒಡಲಲ್ಲಿ ಬೆಳೆಯುತ್ತವೆ. ಅಂತಹ ನೀರನ್ನು ಕುಡಿದವರ ದೇಹದಿಂದ, ಸುಮಾರು ಒಂದು ವರ್ಷದ ಬಳಿಕ, ಒಂದು ಮೀಟರಿನವರೆಗೂ ಉದ್ದವಿರುವ ಹೆಣ್ಣು ಹುಳು ಹೆಚ್ಚಾಗಿ ಕಾಲಿನ ಚರ್ಮವನ್ನು ಭೇದಿಸಿ ಹೊರಬರುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯುವುದೇ ಅದಕ್ಕೆ ಚಿಕಿತ್ಸೆ; ಔಷಧವಾಗಲಿ ಲಸಿಕೆಯಾಗಲಿ ಇಲ್ಲ. ನೋವಿನಿಂದ ಬಳಲುವವರು ವಾರಗಟ್ಟಲೆ ಹೊಲಕ್ಕೆ ಹೋಗಲಾರರು. ಆ ಕಾಲಿನಲ್ಲಿಯೇ ಮೆಟ್ಟಿಲುಬಾವಿಗೆ ಇಳಿದರೆ ಹುಳು ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ. ಊರಿಗೆಲ್ಲ ಅದೊಂದೇ ಬಾವಿಯಾದರೆ ಮರುವರ್ಷದ ರೋಗ ಅಲ್ಲಿಯೇ ಸಿದ್ಧವಾಗುತ್ತದೆ.

ಭಾರತದಲ್ಲಿ 1983-84ರಲ್ಲಿ ಇದರ ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ರೋಗವಿತ್ತು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವಂತೆ ಮನೆಮನೆಗೂ ತಿಳಿಹೇಳಲಾಯಿತು. ಅದರೊಡನೆ ಸೈಕ್ಲಾಪ್ಸ್ ನಾಶಕ್ಕೆ ಟೆಮೆಫಾಸ್ ಬಳಸಲಾಯಿತು. ಮೆಟ್ಟಿಲುಬಾವಿಗಳನ್ನು ನೀರಿಗಿಳಿಯಲಾಗದಂತೆ ಮಾರ್ಪಡಿಸಲಾಯಿತು. ಕೈಪಂಪಿನ ಕೊಳವೆಬಾವಿಗಳು ಬಂದವು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ವರದಿಯಾಯಿತು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಪ್ರಮಾಣೀಕರಿಸಿತು.

ಜಲಗಾಲನದ ಆಚಾರ ಶತಮಾನಗಳಿಂದ ಬೇರೂರಿದ್ದ ರಾಜಸ್ಥಾನದಲ್ಲಿಯೇ ನಾರುಹುಣ್ಣು ಕೊನೆಯವರೆಗೆ ಉಳಿದದ್ದು ವಿಚಾರಣೀಯ. ನಿಷ್ಠೆಯಿಂದ ಸೋಸಿದ ಮನೆಗೆ ಬಟ್ಟೆ ರಕ್ಷೆಯಾಗಿದ್ದಿರಬೇಕು. ಆದರೆ ಸೋಸಿದ ಜೀವಗಳು ಮರಳಿದ್ದು ಊರಿನವರೆಲ್ಲ ಕುಡಿಯುವ ಬಾವಿಗೇ. ಇದು ಆಚಾರದ ದೋಷವಲ್ಲ. ಅದು ಹೊತ್ತ ಹೊಣೆ ಬೇರೆ. ಒಂದು ಮನೆಯ ನಿಯಮಕ್ಕೆ ಊರಿನ ಬಾವಿಯನ್ನು ತಿದ್ದುವ ಶಕ್ತಿಯಿಲ್ಲ. ಸೂಕ್ಷ್ಮಜೀವಿಯವರೆಗೂ ಕರುಣೆಯನ್ನು ವಿಸ್ತರಿಸಿದ ಪರಂಪರೆಗೆ, ನೆರೆಮನೆಯ ಕೊಡದ ನೀರಿನ ಚಿಂತೆಯೂ ಅಹಿಂಸೆಯ ಭಾಗವೇ ಆಗಬೇಕು.