ಹಳೆಯ ತಂತ್ರಾಂಶಕ್ಕಾಗಿ ಸುಳ್ಳು ಹೇಳಿದ ವಿಂಡೋಸ್

1995ರ ಆಗಸ್ಟ್ 24ರಂದು ಮೈಕ್ರೋಸಾಫ್ಟ್ ಸಂಸ್ಥೆ 'ವಿಂಡೋಸ್ 95' ಆಪರೇಟಿಂಗ್ ಸಿಸ್ಟಂ ಅನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ನಿಜವಾದ ಆವೃತ್ತಿ ಸಂಖ್ಯೆ 4.0. ಆದರೆ ಹಳೆಯ ತಂತ್ರಾಂಶವೊಂದು 'ನೀನು ಎಷ್ಟನೆಯ ಆವೃತ್ತಿ?' ಎಂದು ವಿಚಾರಿಸಿದರೆ ಅದು ಕೊಡುತ್ತಿದ್ದ ಉತ್ತರ 3.95! ಈ ಸುಳ್ಳಿನ ಅಗತ್ಯವೇನಿತ್ತು?

ಕಂಪ್ಯೂಟರಿನಲ್ಲಿ ತಂತ್ರಾಂಶಗಳಿಗೆ ಬೇಕಾದುದನ್ನೆಲ್ಲ ಒದಗಿಸುವುದು ಆಪರೇಟಿಂಗ್ ಸಿಸ್ಟಂ. ಸ್ಮೃತಿಯಲ್ಲಿ ಜಾಗ ಬೇಕೆಂದರೂ ಪರದೆಯ ಮೇಲೆ ಅಕ್ಷರ ಮೂಡಬೇಕೆಂದರೂ ಅದನ್ನೇ ಕೇಳಬೇಕು. ಹೊಸ ಆವೃತ್ತಿ ಬಂದಾಗ ಈ ಕೊಡುಕೊಳ್ಳುವಿಕೆಯ ರೀತಿ ತುಸು ಬದಲಾದರೂ ಹಳೆಯ ತಂತ್ರಾಂಶ ಕೈಕೊಡುತ್ತದೆ.

1992ರಲ್ಲಿ ಬಂದ ವಿಂಡೋಸ್ 3.1 ತನ್ನ ಆವೃತ್ತಿಯನ್ನು 3 ಮತ್ತು 10 ಎಂಬ ಎರಡು ಸಂಖ್ಯೆಗಳಲ್ಲಿ ತಿಳಿಸುತ್ತಿತ್ತು. ಕೆಲವು ತಂತ್ರಾಂಶಗಳು ಮೊದಲ ಸಂಖ್ಯೆ 3ಕ್ಕೆ, ಎರಡನೆಯದು 10ಕ್ಕೆ ಕಡಿಮೆಯಿರಬಾರದೆಂದು ಬೇರೆ ಬೇರೆಯಾಗಿ ಪರೀಕ್ಷಿಸುತ್ತಿದ್ದವು. 4.0 ಎಂದರೆ ಎರಡನೆಯ ಸಂಖ್ಯೆ ಸೊನ್ನೆ. ಹೊಸ ವಿಂಡೋಸನ್ನೇ ಹಳೆಯದೆಂದು ಬಗೆದು ಅವು ಕೆಲಸ ಮಾಡಲು ನಿರಾಕರಿಸುತ್ತಿದ್ದವು. 3.95 ಎಂದರೆ ಎರಡೂ ಪರೀಕ್ಷೆಯಲ್ಲಿ ಪಾಸು!

'ಸಿಮ್‌ಸಿಟಿ' ಎಂಬ ನಗರ ಕಟ್ಟುವ ಜನಪ್ರಿಯ ಆಟದ ಕಥೆ ಇನ್ನೂ ಸ್ವಾರಸ್ಯಕರ. ಆಟ ತಾನು ಬಿಟ್ಟುಕೊಟ್ಟ ಸ್ಮೃತಿಯ ಜಾಗವನ್ನು ಮತ್ತೆ ಬಳಸುತ್ತಿತ್ತು. ಖಾಲಿ ಮಾಡಿದ ಬಾಡಿಗೆ ಮನೆಗೆ ಮರಳಿ ನುಗ್ಗಿದಂತೆ. ಹಳೆಯ ವಿಂಡೋಸ್‌ನಲ್ಲಿ ಈ ತಪ್ಪು ಬಾಧಿಸಲಿಲ್ಲ. ವಿಂಡೋಸ್ 95ರಲ್ಲಿ ಆಟ ನಿಂತುಹೋಗುವಂತಾಯಿತು. ಆಗ ಮೈಕ್ರೋಸಾಫ್ಟ್‌ನವರು ಸಿಮ್‌ಸಿಟಿ ನಡೆಯುತ್ತಿದ್ದರೆ ಬಿಟ್ಟುಕೊಟ್ಟ ಜಾಗವನ್ನು ಕೂಡಲೇ ತೆರವು ಮಾಡದಂತೆ ವಿಂಡೋಸ್‌ನಲ್ಲೇ ಏರ್ಪಾಡು ಮಾಡಿದರೆಂದು ತಂತ್ರಾಂಶ ತಜ್ಞ ಜೋಯೆಲ್ ಸ್ಪೋಲ್ಸ್ಕಿ 2000ದಲ್ಲಿ ಬರೆದಿದ್ದಾರೆ.

ಪರರ ತಪ್ಪನ್ನು ತಲೆಯ ಮೇಲೆ ಹೊತ್ತುಕೊಳ್ಳುವುದೇಕೆ? ಕಾರಣ ವ್ಯಾಪಾರದ್ದು. ನಿನ್ನೆಯವರೆಗೆ ನಡೆಯುತ್ತಿದ್ದ ಲೆಕ್ಕಪತ್ರದ ತಂತ್ರಾಂಶ ಇಂದು ನಿಂತರೆ ಗ್ರಾಹಕ ದೂರುವುದು ಹೊಸ ವಿಂಡೋಸನ್ನು. ತಂತ್ರಾಂಶ ತಯಾರಿಸಿದ ಕಂಪೆನಿ ಮುಚ್ಚಿಹೋಗಿದ್ದರೆ ಅದನ್ನು ತಿದ್ದುವವರೂ ಇರುವುದಿಲ್ಲ.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಈ ನಟನೆ ಬಳಕೆದಾರರ ಕೈಗೇ ಬಂತು. ತಂತ್ರಾಂಶ ತಾನು ವಿಂಡೋಸ್ 95ರಲ್ಲೇ ಇರುವುದಾಗಿ ನಂಬುವಂತೆ ಮಾಡುವ ಆಯ್ಕೆಯನ್ನು ಅದರಲ್ಲಿ ಒದಗಿಸಲಾಯಿತು.

ಆದರೆ ಹಳತನ್ನು ಹೊರುವುದಕ್ಕೂ ಮಿತಿಯುಂಟು. 64 ಬಿಟ್ ವಿಂಡೋಸ್ ಬಂದಾಗ, ವಿಂಡೋಸ್ 3.1ರ ಕಾಲದ 16 ಬಿಟ್ ತಂತ್ರಾಂಶಗಳನ್ನು ಕೈಬಿಡಲಾಯಿತು. 2021ರಲ್ಲಿ ಬಂದ ವಿಂಡೋಸ್ 11 ಇರುವುದೇ 64 ಬಿಟ್ ರೂಪದಲ್ಲಿ. ಅದರಲ್ಲಿ ಆ ತಂತ್ರಾಂಶಗಳನ್ನು ನಡೆಸಬೇಕಾದರೆ, ಹಳೆಯ ಯಂತ್ರವನ್ನೇ ಅನುಕರಿಸುವ ಮತ್ತೊಂದು ತಂತ್ರಾಂಶದ ನೆರವು ಬೇಕು.

ಡಿಸ್ಕಿನಲ್ಲಿ ಕಡತ ಭದ್ರವಾಗಿದ್ದರೆ ಸಾಲದು, ಅದನ್ನು ತೆರೆಯುವ ತಂತ್ರಾಂಶವೂ ನಡೆಯಬೇಕು. ಹಳೆಯ ತಂತ್ರಾಂಶ ಇನ್ನೂ ನಡೆಯುತ್ತಿರುವಾಗಲೇ ಅದರಲ್ಲಿರುವ ಲೆಕ್ಕ, ಬರಹಗಳನ್ನು ಹೊಸದಕ್ಕೆ ಸಾಗಿಸಿಕೊಳ್ಳುವುದು ಜಾಣತನ.