ನಗೆಯ ಡಿಸ್ಕು ಮತ್ತು ಬೋನಸ್ಸಿನ ಲೆಕ್ಕ

ಹಾಸ್ಯಚಿತ್ರವೊಂದರ ಹೊಸ ಬ್ಲೂ-ರೇ ಬಂದರೆ ಬಹುತೇಕ ವಿಮರ್ಶಕರು ಮೊದಲು ಓದುವುದು ಡಬ್ಬದ ಹಿಂಬದಿಯನ್ನು. ಕೈಬಿಟ್ಟ ದೃಶ್ಯಗಳೆಷ್ಟು, ಸಂದರ್ಶನಗಳೆಷ್ಟು, ಕಾಮೆಂಟರಿ ಇದೆಯೋ ಇಲ್ಲವೋ ಎಂದು ಎಣಿಸಿ ಮುಗಿಸಿದರೆ ವಿಮರ್ಶೆಯೂ ಮುಗಿಯಿತು. ಈ ಎಣಿಕೆಯ ರೂಢಿ ಬೆಳೆದದ್ದು ಮಾರುಕಟ್ಟೆಯಲ್ಲಿ. 1984ರಲ್ಲಿ ಕ್ರೈಟೀರಿಯನ್ ಸಂಸ್ಥೆ ‘ಕಿಂಗ್ ಕಾಂಗ್’ನ ಲೇಸರ್ ಡಿಸ್ಕಿನಲ್ಲಿ ಖಾಲಿಯಿದ್ದ ಧ್ವನಿಪಥಕ್ಕೆ ರೊನಾಲ್ಡ್ ಹೇವರ್ ಅವರ ವಿವರಣೆ ತುಂಬಿದಾಗ ಅದು ಕೆಲವೇ ಆಸಕ್ತರ ಸರಕು. 1997ರಲ್ಲಿ ಡಿವಿಡಿ ಅಮೆರಿಕದ ಅಂಗಡಿಗಳಿಗೆ ಬಂದಮೇಲೆ ಬೋನಸ್ ಎಂಬುದು ಜಾಹೀರಾತಿನ ಮಾತಾಯಿತು. ಹಾಸ್ಯಚಿತ್ರಗಳ ಪಾಲಿಗೆ ಅದು ‘ಅನ್‌ರೇಟೆಡ್’ ಆವೃತ್ತಿಯ ರೂಪದಲ್ಲಿ ಬಂತು. ಥಿಯೇಟರಿನಲ್ಲಿ ಬಿಗಿಯಾಗಿದ್ದ ಚಿತ್ರಕ್ಕೆ ಕತ್ತರಿಸಿ ಎಸೆದದ್ದನ್ನೆಲ್ಲ ಮತ್ತೆ ಹೊಲಿದು, ಉದ್ದವಾದದ್ದನ್ನೇ ಹೆಚ್ಚುಗಾರಿಕೆ ಎಂದು ಮಾರಿದರು. ‘ಆ್ಯಂಕರ್‌ಮ್ಯಾನ್’ (2004) ಇದಕ್ಕೊಂದು ಗೌರವದ ಅಪವಾದ. ಬ್ಯಾಂಕ್ ದರೋಡೆಕೋರರ ಉಪಕಥೆಯನ್ನು ಪೂರ್ತಿ ಕಿತ್ತುಹಾಕಿದ್ದ ಚಿತ್ರತಂಡದವರು, ಮಿಕ್ಕ ತುಣುಕುಗಳಿಂದ ‘ವೇಕ್ ಅಪ್, ರಾನ್ ಬರ್ಗಂಡಿ’ ಎಂಬ ಬೇರೆಯೇ ಚಿತ್ರ ಕಟ್ಟಿಕೊಟ್ಟರು. ಎರಡನ್ನೂ ನೋಡಿದವರಿಗೆ ಸಂಕಲನಕಾರನ ಬುದ್ಧಿವಂತಿಕೆ ತಾನಾಗಿ ಅರ್ಥವಾಗುತ್ತದೆ.

ಹಾಸ್ಯ ನಿಂತಿರುವುದು ಕಾಲದ ಅಳತೆಯ ಮೇಲೆ. ಆದ್ದರಿಂದ ಬೋನಸ್ಸನ್ನು ತೂಗಬೇಕಾದದ್ದು ಒಂದೇ ಪ್ರಶ್ನೆಯಿಂದ: ಆ ಅಳತೆ ಹೇಗೆ ಕೂಡಿಬಂತು ಎಂಬುದನ್ನು ಇದು ತೋರಿಸುತ್ತದೆಯೇ? ಚಾಪ್ಲಿನ್ನನ ‘ಸಿಟಿ ಲೈಟ್ಸ್’ (1931) ಡಿಸ್ಕಿನಲ್ಲಿರುವ ಕೈಬಿಟ್ಟ ದೃಶ್ಯವನ್ನೇ ನೋಡಿ. ಪಾದಚಾರಿ ದಾರಿಯ ಕಬ್ಬಿಣದ ಜಾಲರಿಯಲ್ಲಿ ಸಿಕ್ಕಿಕೊಂಡ ಒಂದು ಮರದ ಚೂರು. ಅದನ್ನು ಬೆತ್ತದಿಂದ ಕೆಳಕ್ಕೆ ತಳ್ಳಲು ಅಲೆಮಾರಿ ಹೆಣಗುತ್ತಾನೆ, ಸುತ್ತ ಜನ ಸೇರುತ್ತಾರೆ, ಅಂಗಡಿಯ ಗಾಜಿನ ಹಿಂದಿನಿಂದ ಒಬ್ಬ ಸನ್ನೆಯಲ್ಲೇ ಉಪಾಯ ಹೇಳುತ್ತಾನೆ. ಏಳು ನಿಮಿಷದಷ್ಟು ಅಪ್ಪಟ ಹಾಸ್ಯ, ಒಂದು ತಪ್ಪಿಲ್ಲ. ಆದರೂ ತೆಗೆದ. ಕುರುಡಿ ಹೂವಾಡಗಿತ್ತಿಯ ಕಡೆಗೆ ಅದು ಒಂದು ಹೆಜ್ಜೆಯನ್ನೂ ಇಡುವುದಿಲ್ಲ ಎಂಬುದೇ ಕಾರಣವೆಂದು ನನ್ನ ಎಣಿಕೆ. ಈ ದೃಶ್ಯ ಮೊದಲು ಜನರ ಕಣ್ಣಿಗೆ ಬಿದ್ದದ್ದು ಕೆವಿನ್ ಬ್ರೌನ್‌ಲೋ, ಡೇವಿಡ್ ಗಿಲ್ ಇಬ್ಬರ ‘ಅನ್‌ನೋನ್ ಚಾಪ್ಲಿನ್’ (1983) ಸರಣಿಯಲ್ಲಿ. ಇಂದಿನ ಒಳ್ಳೆಯ ಬೋನಸ್ಸುಗಳೆಲ್ಲ ಆ ಸರಣಿಗೆ ಋಣಿ. ಚಿತ್ರದ ಓಟದ ವೇಗವೂ ಇದೇ ಲೆಕ್ಕಕ್ಕೆ ಸೇರಬೇಕು. ಕೈಯಿಂದ ತಿರುಗಿಸುವ ಕ್ಯಾಮೆರಾದ ಮೂಕಿ ಚಿತ್ರಗಳನ್ನು ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿ, ಆ ಕುಣಿದಾಟವನ್ನೇ ಹಳೆಯ ಹಾಸ್ಯವೆಂದು ಎರಡು ತಲೆಮಾರಿಗೆ ಉಣಬಡಿಸಲಾಯಿತು. ಬೇಕೆಂದೇ ವೇಗವಾಗಿ ಕಾಣುವಂತೆ ತೆಗೆದ ಕಡೆಗಳೂ ಇದ್ದವು, ನಿಜ. ಎಲ್ಲಿ ಯಾವ ವೇಗ ಎಂದು ನಿರ್ಧರಿಸುವುದೇ ರಿಸ್ಟೋರೇಷನ್ನಿನ ಕಷ್ಟದ ಕೆಲಸ. ಡಬ್ಬದ ಮೇಲೆ ಅದು ಬೋನಸ್ ಎಂದು ಅಚ್ಚಾಗುವುದಿಲ್ಲವಾದ್ದರಿಂದ ವಿಮರ್ಶೆಯಲ್ಲೂ ಬರುವುದಿಲ್ಲ.

ಬಿಡಿಸಿ ಹೇಳಿದರೆ ಜೋಕು ಸತ್ತುಹೋಗುತ್ತದೆ, ಹಾಗಾಗಿ ಹಾಸ್ಯಕ್ಕೆ ಕಾಮೆಂಟರಿ ಬೇಡ ಎನ್ನುವವರಿದ್ದಾರೆ. ಮೊದಲ ಸಲ ನೋಡುವವರ ಮಟ್ಟಿಗೆ ಒಪ್ಪಿದೆ. ಆದರೆ ಕಾಮೆಂಟರಿ ಹಾಕಿಕೊಳ್ಳುವವರು ಆಗಲೇ ನಕ್ಕು ಮುಗಿಸಿದವರು. ರಾಕ್ ತಂಡವೊಂದರ ಅಣಕು ಸಾಕ್ಷ್ಯಚಿತ್ರ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ನ (1984) ಡಿಸ್ಕುಗಳು ಈ ಆಕ್ಷೇಪಕ್ಕೆ ಎರಡು ಬಗೆಯಲ್ಲಿ ಉತ್ತರಿಸಿವೆ. ಕ್ರೈಟೀರಿಯನ್ ಆವೃತ್ತಿಯಲ್ಲಿ ಮೂವರು ಮುಖ್ಯ ನಟರು ನಟರಾಗಿಯೇ ಕೂತು ಕೆಲಸದ ಮಾತಾಡಿದರು. 2000ದ ಎಂಜಿಎಂ ಡಿವಿಡಿಯಲ್ಲಿ ಅದೇ ಮೂವರು ಪಾತ್ರಗಳಾಗಿ ಕೂತು, ನಿರ್ದೇಶಕ ನಮ್ಮ ಮಾನ ಕಳೆದ ಎಂದು ಚಿತ್ರದುದ್ದಕ್ಕೂ ಗೊಣಗಿದರು. ಎರಡನೆಯದು ಹೆಚ್ಚು ನಗಿಸುತ್ತದೆ, ಮೊದಲನೆಯದು ಹೆಚ್ಚು ಕಲಿಸುತ್ತದೆ. ಎಂಜಿಎಂ ಡಿಸ್ಕಿನಲ್ಲಿ ಹಳೆಯ ಕಾಮೆಂಟರಿ ಇರಲಿಲ್ಲ. ಹೊಸ ಆವೃತ್ತಿ ಕೊಂಡವರು ಹಳೆಯದನ್ನು ಮಾರಿಬಿಡಬಾರದು ಎಂದು ಹೇಳುವುದೂ ವಿಮರ್ಶಕನ ಕೆಲಸವೇ.

ನಮ್ಮಲ್ಲಿ ಮನೆಮನೆಗೆ ತಲುಪಿದ್ದು ವಿಸಿಡಿ. ಒಂದು ಡಿಸ್ಕಿಗೆ ಒಂದೂಕಾಲು ಗಂಟೆಯ ಆಸುಪಾಸು ಮಾತ್ರ ಹಿಡಿಯುವುದರಿಂದ ಚಿತ್ರವೇ ಎರಡು ಮೂರು ಹೋಳಾಗುತ್ತಿತ್ತು, ಬೋನಸ್ಸಿಗೆ ಜಾಗವೆಲ್ಲಿ? ಈಗಿನ ಒಟಿಟಿಯಲ್ಲಿ ಜಾಗದ ಕೊರತೆಯಿಲ್ಲ. ಬೆಂಗಳೂರಿನಲ್ಲಿ ತಯಾರಾದ, ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’ದಂಥ (1987) ಚಿತ್ರಕ್ಕೆ ಕಾಮೆಂಟರಿ ಮಾಡುವವರಿಗೆ ವಿಷಯದ ಬರವಂತೂ ಇಲ್ಲ. ವಠಾರದ ಪಕ್ಕದ ಟಾಕೀಸಿನ ಗದ್ದಲಕ್ಕೆ ಒಗ್ಗಿಹೋದ ನಾಯಕನಿಗೆ ಐಷಾರಾಮಿ ಹೋಟೆಲಿನ ಮೌನದಲ್ಲಿ ನಿದ್ದೆ ಹತ್ತುವುದಿಲ್ಲ. ಅದೇ ಗದ್ದಲವನ್ನು ಟೇಪಿನಲ್ಲಿ ತಂದು ಹಾಕಿಕೊಂಡು ಮಲಗುತ್ತಾನೆ. ಮಾತೇ ಇಲ್ಲದ ಚಿತ್ರದಲ್ಲಿ ಆ ಸದ್ದಿನ ಅಳತೆಯನ್ನು ಯಾರು, ಹೇಗೆ ಕೂಡಿಸಿದರು ಎಂದು ಧ್ವನಿ ವಿಭಾಗದವರನ್ನು ಕೂರಿಸಿ ಕೇಳಲು ಒಂದು ಮೈಕು, ಒಂದು ಮಧ್ಯಾಹ್ನ ಸಾಕು.